ಬೋರ್ ನೀರಿನಲ್ಲಿ ಸೀಮೆಎಣ್ಣೆ ವಾಸನೆ: ಹೊಸ ಬೋರ್ ಹೊಡೆಸಬೇಕೋ, ಬೇಡವೋ?

ಜೋಳದರೊಟ್ಟಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರದ ಹೊರಗಿನ ಬಡಾವಣೆ. ನಲ್ಲಿಯಲ್ಲಿ ಕೃಷ್ಣಾ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಬಟ್ಟೆ, ಪಾತ್ರೆ, ಸ್ನಾನ ಎಲ್ಲಕ್ಕೂ ಸಂಘದ ಬೋರ್ ನೀರೇ ಗತಿ. ನಲ್ಲಿ ಬರದ ದಿನ ಕೆಲವರು ಅದನ್ನೇ ಕುಡಿಯುತ್ತಾರೆ.

ಈ ಬೇಸಿಗೆಯಿಂದ ಬೋರ್ ನೀರಿಗೆ ಸೀಮೆಎಣ್ಣೆಯಂಥ ವಾಸನೆ. ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಮೇಲೆ ಬಣ್ಣಬಣ್ಣದ ಪದರ ಕೂಡುತ್ತದೆ. ಬೋರ್ 280 ಅಡಿ, ಮೋಟರ್ 240 ಅಡಿಯಲ್ಲಿದೆ. ಬಡಾವಣೆಯ ಮೂಲೆಗೆ ಒಂದು ಪೆಟ್ರೋಲ್ ಪಂಪ್ ಇದೆ, ಬೋರ್‌ನಿಂದ ನೂರು ಮೀಟರ್ ಇರಬಹುದು. ಅಲ್ಲಿಂದಲೇ ಸೋರುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಸಂಘದ ಹಿರಿಯರು ಮಾತ್ರ, "ಜಗಳ ಯಾಕೆ, 600 ಅಡಿ ಹೊಸದೊಂದು ಹೊಡೆಸೋಣ, ಕೆಳಗಿನ ಸೆಲೆ ಶುದ್ಧ ಇರುತ್ತದೆ" ಎನ್ನುತ್ತಾರೆ. ರಿಗ್‌ನವರಿಗೆ ಅಡ್ವಾನ್ಸ್ ಕೊಟ್ಟೂ ಆಗಿದೆ. ನನಗೆ ಯಾಕೋ ಸಮಾಧಾನ ಇಲ್ಲ. ತಿಳಿದವರು ಹೇಳಿ.

ರಿಗ್ ಕಾಕಾ, ಇಂಡಿ

ತಂಗೀ, ಮೊದಲು ಮನೆಯೊಳಗಿನ ಕಳ್ಳನನ್ನು ಹುಡುಕು. ನಿಮ್ಮ ಮೋಟರ್ ಆಯಿಲ್ ತುಂಬಿದ್ದೋ, ನೀರು ತುಂಬಿದ್ದೋ? ಆಯಿಲ್ ತುಂಬಿದ ಸಬ್‌ಮರ್ಸಿಬಲ್‌ನ ಸೀಲ್ ಹೋದರೆ ಎಣ್ಣೆಯೆಲ್ಲ ಬೋರ್‌ಗೇ ಬರುತ್ತದೆ. ಪಂಪ್‌ನವರ ಜೊತೆ ಕೈ ಮಿಲಾಯಿಸಿ, ಆಮೇಲೆ ಮೋಟರ್ ಎತ್ತಿದಾಗ ಸುಮ್ಮನಾದವರನ್ನು ನೋಡಿದ್ದೇನೆ.

ಇನ್ನೊಂದು ಪರೀಕ್ಷೆ ಇದೆ, ಖರ್ಚಿಲ್ಲ. ನೀರಿನ ಮೇಲಿನ ಪದರವನ್ನು ಕಡ್ಡಿಯಿಂದ ಕದಡಿ ನೋಡು. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದ ಪದರ. ಎಣ್ಣೆಯಾದರೆ ಕದಡಿದರೂ ಮತ್ತೆ ಕೂಡಿಕೊಳ್ಳುತ್ತದೆ.

ಬಾಗೇವಾಡಿ ಹುಡುಗ

ಇದಕ್ಕೆಲ್ಲ ಪರೀಕ್ಷೆ ಯಾಕೆ ಬೇಕು? ಪಂಪ್ ಮುಂದೆ ಧರಣಿ ಕೂತರೆ ತಾವಾಗಿಯೇ ಟ್ಯಾಂಕ್ ತೆಗೆಸುತ್ತಾರೆ.

ಜೋಳದರೊಟ್ಟಿ

ಕಾಕಾ, ಮೋಟರ್ ನೀರು ತುಂಬಿದ್ದು, ಹೋದ ವರ್ಷ ರಿಪೇರಿ ಮಾಡಿದ ಮೆಕ್ಯಾನಿಕ್ ಹೇಳಿದರು. ಕಡ್ಡಿಯಿಂದ ಕದಡಿದೆ, ಪದರ ಮತ್ತೆ ಕೂಡಿಕೊಂಡಿತು. ನಮ್ಮ ಅತ್ತೆ ಇನ್ನೊಂದು ಹೇಳಿದರು: ಸ್ನಾನಕ್ಕೆ ನೀರು ಕಾಯಿಸುವಾಗ ವಾಸನೆ ಜಾಸ್ತಿ, ಕಣ್ಣು ಉರಿಯುತ್ತದೆ ಅಂತ.

ಕುಂದಾನಗರಿ, ಬೆಳಗಾವಿ

ಅಕ್ಕಾರೆ, ಅತ್ತೆಯವರ ಮಾತು ಹಗುರವಾಗಿ ತಗೋಬೇಡಿ. ಕುದಿಸಿದರೆ ಹೋಗುತ್ತದೆ ಅಂತ ಜನ ತಿಳಿದಿದ್ದಾರೆ. ನೀರಿನಿಂದ ಹೋಗುವುದು ನಿಜ, ಆದರೆ ಹೋಗುವುದು ಬಚ್ಚಲಮನೆಯ ಗಾಳಿಗೆ. ಅಲ್ಲಿ ನಿಂತವರು ಅದನ್ನೇ ಉಸಿರಾಡುತ್ತಾರೆ. ಹಾಗಾಗಿ ಕುಡಿಯುವುದಷ್ಟೇ ಅಲ್ಲ, ಬಿಸಿನೀರಿನ ಸ್ನಾನವೂ ಸದ್ಯಕ್ಕೆ ಬೇಡ. ಸಾದಾ ಕ್ಯಾಂಡಲ್ ಫಿಲ್ಟರ್ ಇದಕ್ಕೆ ಏನೂ ಮಾಡುವುದಿಲ್ಲ. ಆರ್‌ಓ ನಂಬುವ ಹಾಗಿಲ್ಲ. ಇದ್ದಿಲಿನ ಫಿಲ್ಟರ್ ಹಿಡಿಯುತ್ತದೆ, ಆದರೆ ಅದು ಯಾವಾಗ ತುಂಬಿತು ಅಂತ ಮನೆಯಲ್ಲಿ ಗೊತ್ತಾಗುವುದಿಲ್ಲ.

ನಮ್ಮ ಬೆಳಗಾವಿಯಲ್ಲಿ ತೆರೆದ ಬಾವಿಗಳು ಜಾಸ್ತಿ. ಬತ್ತಿದ ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ಬಳಕೆಗೆ ತಂದ ಊರು ಇದು. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ಇಂಥ ವಾಸನೆ ತೆರೆದ ಬಾವಿಯಲ್ಲಿ ಬಂದರೆ ಯಾರೂ ಒಳಗೆ ಇಳಿಯಬಾರದು, ಬೀಡಿ ಹಚ್ಚಿ ಬಗ್ಗಿ ನೋಡಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು. ನೆಲದೊಳಗಿನ ಸಂಪ್, ಬೇಸ್‌ಮೆಂಟ್ ಇದ್ದವರೂ ನೋಡಿಕೊಳ್ಳಿ. ಅಲ್ಲಿ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಕಲ್ಲುಮಣ್ಣು, ಬಾಗಲಕೋಟೆ

ಅಂತರ್ಜಲವೇ ನನ್ನ ಕೆಲಸ. ಮೊದಲ ಮಾತು: ಆ ರಿಗ್ ನಿಲ್ಲಿಸಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪೆಟ್ರೋಲ್, ಡೀಸೆಲ್ ಎರಡೂ ನೀರಿಗಿಂತ ಹಗುರ. ಲೀಟರ್ ಪೆಟ್ರೋಲ್ ತೂಗಿದರೆ 720ರಿಂದ 775 ಗ್ರಾಂ, ಡೀಸೆಲ್ 820ರಿಂದ 845 ಗ್ರಾಂ. ಟ್ಯಾಂಕ್ ಸೋರಿದರೆ ಎಣ್ಣೆ ಮಣ್ಣಿನಲ್ಲಿ ಇಳಿಯುತ್ತ ಹೋಗುತ್ತದೆ. ಒಂದಷ್ಟನ್ನು ಮಣ್ಣೇ ಹಿಡಿದುಕೊಳ್ಳುತ್ತದೆ. ಉಳಿದದ್ದು ನೀರಿನ ಮಟ್ಟ ಮುಟ್ಟಿ ಅದರ ಮೇಲೆ ತೇಲಿ ನಿಲ್ಲುತ್ತದೆ. ಕರಗುವ ಅಂಶ ನೀರಿನ ಜೊತೆ ಸಾಗುತ್ತದೆ. ಪೆಟ್ರೋಲ್‌ನಲ್ಲಿ ಹಾಗೆ ಕರಗಿ ಓಡುವ ದೊಡ್ಡ ತಲೆನೋವು ಬೆಂಜೀನ್. ಅದು ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇಟ್ಟ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈಗಿನ ಬಿಎಸ್6 ಪೆಟ್ರೋಲ್‌ನಲ್ಲಿ ಬೆಂಜೀನ್ ಶೇಕಡಾ 1ರವರೆಗೆ ಇರಬಹುದು. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 8.8 ಗ್ರಾಂ. ಅಷ್ಟೂ ಕರಗಿದರೆ 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ.

ಈಗ ನಿಮ್ಮ ನೆಲಕ್ಕೆ ಬರೋಣ. ವಿಜಯಪುರದಲ್ಲಿ ಮೇಲೆ ಎರೆಮಣ್ಣು, ಅದರಡಿ ಮೊರಂ ಅಂದರೆ ಕಲ್ಲು ಸವೆದು ಆದ ಗರಸು, ಅದರಡಿ ಡೆಕ್ಕನ್ ಟ್ರ್ಯಾಪ್‌ನ ಕರಿಕಲ್ಲು. ಲಾವಾ ಹರಿದು ಹರಿದು ಪದರವಾದ ಕಲ್ಲು ಅದು, ಕೆಲವು ಪದರಗಳ ನಡುವೆ ಕೆಂಪು ಜೇಡಿಯ ತೆಳು ಪಟ್ಟಿ ಸಿಗುತ್ತದೆ. ನೀರು ಇರುವುದು ಮೊರಂನಲ್ಲಿ, ಕಲ್ಲಿನ ಬಿರುಕಿನಲ್ಲಿ, ಪದರಗಳ ಸಂದಿಯಲ್ಲಿ. ಮಾಳಿಗೆ ಮನೆ ಸೋರುವಾಗ ನೀರು ತೊಟ್ಟಿಕ್ಕುವ ಜಾಗವೇ ಬೇರೆ, ಮೇಲೆ ಬಿರುಕು ಬಿಟ್ಟ ಜಾಗವೇ ಬೇರೆ ಅಲ್ವಾ? ಇಲ್ಲಿಯೂ ಹಾಗೆಯೇ. ನೂರು ಮೀಟರ್ ದೂರದ ಪಂಪ್ ನಿರಪರಾಧಿ ಇರಬಹುದು, ಮುನ್ನೂರು ಮೀಟರ್ ಆಚೆಯ ಟ್ಯಾಂಕ್ ಒಂದು ಬಿರುಕಿನ ಮೂಲಕ ನಿಮ್ಮ ಬೋರ್‌ಗೆ ಕೂಡಿರಬಹುದು.

ಹೊಸ ಬೋರ್ ಯಾಕೆ ಬೇಡ? ನಮ್ಮ ಕಡೆ ಕೇಸಿಂಗ್, ಅಂದರೆ ಬೋರ್ ಗೋಡೆ ಕುಸಿಯದಂತೆ ಹಾಕುವ ಪೈಪ್, ಇಳಿಸುವುದು ಸಡಿಲ ಮಣ್ಣು ಮುಗಿದು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಕೇಸಿಂಗ್ ಸುತ್ತಲಿನ ಸಂದಿಗೆ ಸಿಮೆಂಟ್ ತುಂಬಿಸುವವರು ಅಪರೂಪ. ಅದರ ಕೆಳಗೆ ಬರೀ ತೆರೆದ ರಂಧ್ರ. ಮೇಲಿನ ಕೆಟ್ಟ ಸೆಲೆ, ಕೆಳಗಿನ ಒಳ್ಳೆಯ ಸೆಲೆ ಎರಡೂ ಅದೇ ರಂಧ್ರಕ್ಕೆ ಬಾಯಿ ಬಿಡುತ್ತವೆ. ಮೋಟರ್ ಓಡಿದಾಗ ನೀರಿನ ಮಟ್ಟ ಕುಸಿಯುತ್ತದೆ, ಮೇಲೆ ತೇಲುತ್ತಿದ್ದ ಎಣ್ಣೆಯೂ ಅದರ ಹಿಂದೆಯೇ ಕೆಳಗೆ ಬರುತ್ತದೆ. ಮೊದಮೊದಲು ನೀರು ಚೆನ್ನಾಗಿ ಬಂದೀತು. ಆಮೇಲೆ ಮೇಲೆಯೇ ಇದ್ದ ಹೊಲಸಿಗೆ 600 ಅಡಿಯವರೆಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಮೇಲಿನ ಮೊರಂ ಸ್ವಚ್ಛ ಮಾಡುವುದು ಕಷ್ಟ, ಆದರೆ ಸಾಧ್ಯ. ಆಳದ ಬಿರುಕಿಗೆ ಸೇರಿದ್ದನ್ನು ತೆಗೆಯುವುದು ನನ್ನ ಅನುಭವದಲ್ಲಿ ಬಹುತೇಕ ಆಗದ ಕೆಲಸ.

ಜೋಳದರೊಟ್ಟಿ

ಸರ್, ಇದನ್ನು ಹಾಗೇ ಸಂಘದ ಗುಂಪಿಗೆ ಹಾಕಿದೆ. ಅಧ್ಯಕ್ಷರು ಸದ್ಯಕ್ಕೆ ರಿಗ್ ತಡೆದಿದ್ದಾರೆ, ಸಿಟ್ಟಿನಲ್ಲಿದ್ದಾರೆ. ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ತಾಲ್ಲೂಕಿನ ಕುಡಿಯುವ ನೀರಿನ ಲ್ಯಾಬ್‌ಗೆ ಒಂದು ಬಾಟಲಿ ಕೊಟ್ಟರೆ ಸಾಕಾ?

ಲ್ಯಾಬ್ ಅಕ್ಕ, ಬೆಳಗಾವಿ

ಸಾಕಾಗುವುದಿಲ್ಲ. ಆ ಲ್ಯಾಬ್‌ಗಳು ನೋಡುವುದು ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ (ಒಟ್ಟು ಕರಗಿದ ಲವಣ), ಕ್ರಿಮಿ. ಎಲ್ಲ ಸರಿ ಇದೆ ಅಂತ ವರದಿ ಬರುತ್ತದೆ, ಎದುರಿನವರು ಅದನ್ನೇ ಹಿಡಿದು ನಿಮ್ಮ ಬಾಯಿ ಮುಚ್ಚಿಸುತ್ತಾರೆ. ನಿಮಗೆ ಬೇಕಾದದ್ದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಇಂಥ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ, ಈ ಪರೀಕ್ಷೆಗಳಿಗೇ ಎನ್‌ಎಬಿಎಲ್, ಅಂದರೆ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ, ಮಾನ್ಯತೆ ಇರುವ ಲ್ಯಾಬ್. ಎರಡು ಪರೀಕ್ಷೆ ಕೇಳಿ. ಒಂದು, ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಜೈಲೀನ್. ಇನ್ನೊಂದು, ಒಟ್ಟು ಪೆಟ್ರೋಲಿಯಂ ಹೈಡ್ರೊಕಾರ್ಬನ್, ಅದೂ ಪೆಟ್ರೋಲ್ ಭಾಗ ಮತ್ತು ಡೀಸೆಲ್ ಭಾಗ ಬೇರೆ ಬೇರೆ ಮಾಡಿ. ಡೀಸೆಲ್‌ನಲ್ಲಿ ಬೆಂಜೀನ್ ತೀರಾ ಕಡಿಮೆ. ಹಾಗಾಗಿ ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಟ್ಯಾಂಕ್ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬಾಟಲಿ ಬಗ್ಗೆ ಸ್ವಲ್ಪ ಮಡಿವಂತಿಕೆ ಬೇಕು. ಖಾಲಿ ನೀರಿನ ಪ್ಲಾಸ್ಟಿಕ್ ಬಾಟಲಿ ತರಬೇಡಿ. ಬೆಂಜೀನ್‌ಗೆ 40 ಮಿಲಿಯ ಗಾಜಿನ ವಯಲ್ ಕೊಡುತ್ತಾರೆ, ಒಳಗೆ ಹನಿ ಆಮ್ಲ ಹಾಕಿರುತ್ತಾರೆ. ನಲ್ಲಿಯನ್ನು ತೆಳುವಾಗಿ ಬಿಟ್ಟು, ನೊರೆ ಬಾರದಂತೆ, ಆಮ್ಲ ಚೆಲ್ಲದಂತೆ, ಬಾಯಿತನಕ ತುಂಬಬೇಕು. ಮುಚ್ಚಿ ತಲೆಕೆಳಗು ಮಾಡಿದಾಗ ಒಳಗೆ ಒಂದು ಗುಳ್ಳೆಯೂ ಕಾಣಬಾರದು. ಗುಳ್ಳೆ ಇದ್ದರೆ ಬೆಂಜೀನ್ ಅದರೊಳಗೆ ಸೇರಿ, ಮುಚ್ಚಳ ತೆಗೆದಾಗ ಹಾರಿ ಹೋಗುತ್ತದೆ. ಡೀಸೆಲ್ ಭಾಗಕ್ಕೆ ಕಂದು ಬಣ್ಣದ ಗಾಜಿನ ಬಾಟಲಿ. ಎರಡನ್ನೂ ಐಸ್ ಡಬ್ಬಿಯಲ್ಲಿ ಸುಮಾರು 4 ಡಿಗ್ರಿಯಲ್ಲಿ ಇಡಿ. ಆಮ್ಲ ಹಾಕಿದ್ದು 14 ದಿನದೊಳಗೆ ಪರೀಕ್ಷೆ ಆಗಬೇಕು. ಬಾಟಲಿ ಮೇಲೆ ಜಾಗ, ದಿನ, ಹೊತ್ತು, ತುಂಬಿದವರ ಸಹಿ. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಚೀಟಿಯೂ ಜೊತೆಗಿರಲಿ. ಮುಂದೆ ಕೋರ್ಟಿಗೆ ಹೋದರೆ ಮೊದಲು ಕೇಳುವುದು ಅದನ್ನೇ.

ಕಲ್ಲುಮಣ್ಣು

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮೋಟರ್ 240 ಅಡಿಯಲ್ಲಿದೆ. ಎಣ್ಣೆ ತೇಲುವುದು ನೀರಿನ ಮಟ್ಟದ ಮೇಲೆ, ಅಂದರೆ ಎಷ್ಟೋ ಎತ್ತರದಲ್ಲಿ. ಮೋಟರ್ ಎತ್ತಿದ ನೀರಿನಲ್ಲಿ ಅಂಶ ಕಡಿಮೆ ಬಂದರೆ ಬೋರ್ ಸ್ವಚ್ಛ ಅಂತ ಅರ್ಥ ಅಲ್ಲ. ಮೋಟರ್ ರಾತ್ರಿ ಪೂರ್ತಿ ನಿಲ್ಲಿಸಿ, ಬೆಳಗ್ಗೆ ಬೇಲರ್ ಬಿಟ್ಟು ನೀರಿನ ಮೇಲ್ಪದರದಿಂದ ಒಂದು ಮಾದರಿ ತೆಗೆಸಿ. ಬೇಲರ್ ಅಂದರೆ ತಳದಲ್ಲಿ ವಾಲ್ವ್ ಇರುವ ಪಾರದರ್ಶಕ ಕೊಳವೆ. ಎಣ್ಣೆ ಇದ್ದರೆ ಎಷ್ಟು ದಪ್ಪ ನಿಂತಿದೆ ಅಂತ ಕಣ್ಣಿಗೇ ಕಾಣುತ್ತದೆ. ಎಣ್ಣೆ-ನೀರು ಎರಡರ ಮಟ್ಟವನ್ನೂ ಅಳೆಯುವ ಪ್ರೋಬ್ ಇದ್ದವರು ಸಿಕ್ಕರೆ ಇನ್ನೂ ಒಳ್ಳೆಯದು.

ಹಳೇ ಡೀಲರ್, ಅಥಣಿ

ಎಲ್ಲರೂ ಪಂಪ್‌ನವರನ್ನು ಕಟಕಟೆಗೆ ನಿಲ್ಲಿಸಿದ್ದೀರಿ. ಬಹಳ ವರ್ಷ ಪಂಪ್ ನಡೆಸಿದವನು ನಾನು. ನಮ್ಮಲ್ಲಿ ದಿನಾ ಬೆಳಗ್ಗೆ ಟ್ಯಾಂಕ್‌ಗೆ ಡಿಪ್ ರಾಡ್ (ಅಳತೆ ಕೋಲು) ಹಾಕಿ ಸ್ಟಾಕ್ ಬರೆಯುತ್ತೇವೆ, ಡೆನ್ಸಿಟಿ ನೋಡುತ್ತೇವೆ, ವಾಟರ್ ಪೇಸ್ಟ್ ಹಚ್ಚಿ ತಳದ ನೀರು ನೋಡುತ್ತೇವೆ. ಈಗ ಟ್ಯಾಂಕ್‌ನಲ್ಲೇ ಮೀಟರ್ ಕೂತಿರುತ್ತದೆ, ಕಂಪನಿಯವರು ಅವರ ಆಫೀಸಿನಲ್ಲಿ ಕೂತೇ ನೋಡುತ್ತಾರೆ. ಪೆಟ್ರೋಲ್ ಸೋರಿದರೆ ಮೊದಲು ಕೈ ಕಚ್ಚುವುದು ಡೀಲರ್‌ಗೆ ರೀ.

ನಾನು ಕೇಳುವುದಿಷ್ಟು: ಸುತ್ತಮುತ್ತ ಡೀಸೆಲ್ ಇನ್ಯಾರು ಇಟ್ಟಿದ್ದಾರೆ ನೋಡಿದಿರಾ? ಲಾರಿ ಯಾರ್ಡ್, ಬಸ್ ಡಿಪೊ, ಕ್ರಷರ್, ಮಂಗಲ ಕಾರ್ಯಾಲಯದ ಜನರೇಟರ್, ಹಿಂದೆ ಮುಚ್ಚಿದ ಪಂಪ್? ನಮ್ಮ ಟ್ಯಾಂಕ್‌ಗೆ ಲೈಸೆನ್ಸ್, ಪರೀಕ್ಷೆ ಎಲ್ಲ ಇದೆ. ಅವರದಕ್ಕೆ ಏನಿದೆ?

ಡಿಪ್‌ರಾಡ್, ಜಮಖಂಡಿ

ಡೀಲರ್ ಸಾಹೇಬರ ಪ್ರಶ್ನೆ ಸರಿ. ಆದರೆ ಸ್ಟಾಕ್ ಪುಸ್ತಕ ನೋಡಿದರೆ ಸೋರಿಕೆ ಗೊತ್ತಾಗಿಯೇ ಆಗುತ್ತದೆ ಎಂಬುದನ್ನು ಒಪ್ಪುವುದಿಲ್ಲ. ನಾನೂ ಪಂಪ್‌ನಲ್ಲಿ ಮ್ಯಾನೇಜರ್ ಆಗಿದ್ದವನು.

ಬಿಸಿಲಲ್ಲಿ ಬಂದ ಟ್ಯಾಂಕರ್‌ನ ಪೆಟ್ರೋಲ್ ಬಿಸಿ ಇರುತ್ತದೆ, ನೆಲದೊಳಗೆ ಇಳಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ. ಒಂದು ಡಿಗ್ರಿಗೆ ಸಾವಿರಕ್ಕೆ ಒಂದು ಭಾಗ ಅಂತ ಇಟ್ಟುಕೊಳ್ಳಿ. 12,000 ಲೀಟರ್ ಲೋಡ್, 10 ಡಿಗ್ರಿ ಇಳಿಯಿತು ಅಂದರೆ 120 ಲೀಟರ್ ಲೆಕ್ಕದಲ್ಲಿ ಮಾಯ. ಅದರ ಮೇಲೆ ಆವಿ. ಡಿಪ್ ಓದುವುದರಲ್ಲಿ ಎರಡು ಮಿಲಿಮೀಟರ್ ಅತ್ತಿತ್ತ ಆದರೂ ದೊಡ್ಡ ಟ್ಯಾಂಕ್‌ನಲ್ಲಿ ಹತ್ತಾರು ಲೀಟರ್ ವ್ಯತ್ಯಾಸ. ಇನ್ನು ಸೆಕೆಂಡಿಗೆ ಒಂದು ಹನಿ ಸೋರುವ ಜೋಡಣೆ ಎಷ್ಟು ಬಿಡುತ್ತದೆ? ದಿನಕ್ಕೆ ನಾಲ್ಕು ಲೀಟರ್ ಚಿಲ್ಲರೆ. ಅಷ್ಟು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ವರ್ಷಕ್ಕೆ ಸಾವಿರದೈನೂರು ಲೀಟರ್ ಆಯಿತು. ಒಂದು ದಿನದ ಏರುಪೇರು ಬಿಡಿ. ತಿಂಗಳುಗಟ್ಟಲೆ ಬರೀ ಕಡಿಮೆಯ ಕಡೆಗೇ ವಾಲುತ್ತಿದೆಯಾ, ಅದನ್ನು ನೋಡಬೇಕು.

ಜನ ಟ್ಯಾಂಕ್ ತೂತಾಗಿದೆ ಅಂತಾರೆ. ನಾನು ಕಂಡಂತೆ ಜಾಸ್ತಿ ಸೋರುವುದು ಪೈಪ್. ಟ್ಯಾಂಕ್‌ನಿಂದ ಮಷೀನ್‌ವರೆಗಿನ ಲೈನ್, ಅದರ ಜೋಡಣೆ, ಇಲ್ಲವೇ ಲೋಡ್ ಇಳಿಸುವ ಬಾಯಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎಳೆದಾಟದಲ್ಲಿ ಜೋಡಣೆ ಸಡಿಲ ಆಗುತ್ತದೆ. ಮಷೀನೇ ಎಣ್ಣೆ ಎಳೆಯುವ ಹಳೆಯ ಲೈನ್‌ನಲ್ಲಿ ತೂತಾದರೆ ಗಾಳಿ ಒಳಗೆ ಬಂದು ಮಷೀನ್ ಕೆಮ್ಮುತ್ತದೆ, ಬೇಗ ಗೊತ್ತಾಗುತ್ತದೆ. ಟ್ಯಾಂಕ್‌ನೊಳಗೇ ಪಂಪ್ ಕೂತು ತಳ್ಳುವ ಲೈನ್ ಹಾಗಲ್ಲ. ಮಷೀನ್ ಚೆನ್ನಾಗಿಯೇ ಓಡುತ್ತಿರುತ್ತದೆ, ಎಣ್ಣೆ ಹೊರಗೆ ಹೋಗುತ್ತಿರುತ್ತದೆ.

ಬಾಗೇವಾಡಿ ಹುಡುಗ

ಅಂದರೆ ಧರಣಿ ಬೇಡ ಅಂತೀರಾ?

ಡಿಪ್‌ರಾಡ್

ಕೂಡ್ರೋ ತಮ್ಮಾ, ಯಾರ ಬಾಗಿಲಿಗೆ ಅಂತ ಮೊದಲು ಗೊತ್ತಾಗಲಿ.

ನವನಗರದವ, ಬಾಗಲಕೋಟೆ

ಸುಮ್ನೆ ಕೇಳುತ್ತಿದ್ದೇನೆ. ನಮ್ಮ ಕಡೆ ಸುಣ್ಣದಕಲ್ಲು. ಇಲ್ಲಿಯೂ ಇದೇ ಲೆಕ್ಕವಾ?

ಕಲ್ಲುಮಣ್ಣು

ಇನ್ನೂ ಕಷ್ಟ. ಬಾಗಲಕೋಟೆ, ಲೋಕಾಪುರ ಸುತ್ತಿನ ಸುಣ್ಣದಕಲ್ಲಿನಲ್ಲಿ ನೀರು ಕಲ್ಲನ್ನೇ ಕರಗಿಸಿ ಪೊಟರೆ ಮಾಡಿಕೊಂಡಿರುತ್ತದೆ. ಅಂಥ ಕಡೆ ಕೊಳೆ ಬಹಳ ಬೇಗ, ಬಹಳ ದೂರ ಓಡುತ್ತದೆ. ಜೊತೆಗೆ ಆಲಮಟ್ಟಿ ಹಿನ್ನೀರು. ಜಲಾಶಯ 519.6 ಮೀಟರ್‌ಗೆ ತುಂಬಿದಾಗ ದಂಡೆಯ ಕಡೆ ಅಂತರ್ಜಲವೂ ಏರುತ್ತದೆ. ನೆಲದೊಳಗಿನ ಖಾಲಿ ಟ್ಯಾಂಕ್ ಸುತ್ತ ನೀರು ಏರಿದರೆ ಟ್ಯಾಂಕ್ ಮೇಲೇಳಲು ನೋಡುತ್ತದೆ, ಪೈಪ್ ಕಿತ್ತುಕೊಳ್ಳುತ್ತದೆ. ಹಿನ್ನೀರಿನ ಹತ್ತಿರ ಟ್ಯಾಂಕ್ ಹೂಳುವವರು ಅದನ್ನು ಕಾಂಕ್ರೀಟ್ ಹಾಸಿಗೆಗೆ ಬಿಗಿದು ಕಟ್ಟಬೇಕು.

ನೀರು ಏರಿಳಿಯುವ ಕಡೆ ಇನ್ನೊಂದು ಮೋಸ ಇದೆ, ವಿಜಯಪುರದವರೂ ಗಮನಿಸಿ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಎಣ್ಣೆಯೂ ಜೊತೆಗೆ ಇಳಿದು ಆ ಅಷ್ಟೂ ಎತ್ತರದ ಮೊರಂಗೆ ಮೆತ್ತಿಕೊಳ್ಳುತ್ತದೆ. ಸೆಪ್ಟೆಂಬರ್ ಮಳೆಗೆ ನೀರು ಏರಿದಾಗ ಅದರಲ್ಲಿ ಒಂದಷ್ಟು ಮೊರಂನಲ್ಲೇ ಸಿಕ್ಕಿಕೊಂಡು ನೀರಿನಡಿ ಮುಳುಗುತ್ತದೆ. ಮೇಲೆ ತೇಲುವುದು ಕಡಿಮೆಯಾಗಿ, ಹೋಯಿತು ಅಂತ ಜನ ಸಮಾಧಾನ ಪಡುತ್ತಾರೆ. ಮುಂದಿನ ಏಪ್ರಿಲ್‌ಗೆ ಮತ್ತೆ ಹಾಜರ್. ಒಂದೇ ಋತುವಿನ ಪರೀಕ್ಷೆ ನಂಬಬೇಡಿ ಎನ್ನುವುದು ಇದಕ್ಕೇ.

ಮತ್ತೆ ಎಥೆನಾಲ್. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗ ಅದೇ, ನಮ್ಮ ಬೆಳಗಾವಿ-ಬಾಗಲಕೋಟೆ ಕಬ್ಬಿನದೂ ಅದರಲ್ಲಿ ಇರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬೆಂಜೀನ್‌ಗಿಂತ ಎಥೆನಾಲ್ ರುಚಿ. ಅದನ್ನು ಮೊದಲು ತಿಂದು ಅಲ್ಲಿನ ಆಮ್ಲಜನಕ ಮುಗಿಸಿಬಿಡುತ್ತವೆ. ಬೆಂಜೀನ್ ಕೊಳೆಯದೆ ಉಳಿದು ಇನ್ನಷ್ಟು ದೂರ ಸಾಗುತ್ತದೆ. ಹೊಗೆ ಕಡಿಮೆ ಮಾಡುವ ಮಾತು ಬೇರೆ, ನೆಲದೊಳಗಿನ ಕತೆ ಬೇರೆ.

ಕರಿಕೋಟು, ವಿಜಯಪುರ

ಕಾನೂನಿನ ಕಡೆಯಿಂದ ಕೆಲವು ಮಾತು. 1974ರ ಜಲ ಕಾಯ್ದೆಯ 24ನೇ ಕಲಂ ಹೊಳೆಯ ಜೊತೆ ಬಾವಿಯನ್ನೂ ಹೆಸರಿಸುತ್ತದೆ. ಗೊತ್ತಿದ್ದೂ ಅದಕ್ಕೆ ವಿಷ ಸೇರಲು ಬಿಡುವುದನ್ನು ಅದು ನಿಷೇಧಿಸುತ್ತದೆ. ಹಾಗಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಳೀಯ ಕಚೇರಿಗೆ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಜಿಲ್ಲಾಧಿಕಾರಿಗೆ ಯಾಕೆಂದರೆ, 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮ ತಂದಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಮಾಹಿತಿ ಬಂದ ಮೇಲೆ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಆಮೇಲೆ ವಿವರವಾದ ತನಿಖೆ. ಕೆಡಿಸಿದವರೇ ಸ್ವಚ್ಛತೆಯ ಖರ್ಚು ಕೊಡಬೇಕು. ಈ ತತ್ವ ಹೊಸದಲ್ಲ. ರಾಜಸ್ಥಾನದ ಬಿಚ್ರಿ ಹಳ್ಳಿಯ ಬಾವಿಗಳು ಕೆಟ್ಟ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ.

ಟ್ಯಾಂಕ್ ಲೈಸೆನ್ಸ್ ಕೊಡುವುದು ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. ಲೈಸೆನ್ಸ್, ನಕ್ಷೆ, ಟ್ಯಾಂಕ್ ಪರೀಕ್ಷೆಯ ಕಾಗದಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಡೀಲರ್ ಸಾಹೇಬರ ಪ್ರಶ್ನೆಗೆ ಉತ್ತರವೂ ಕಾನೂನಿನಲ್ಲಿದೆ: ಡೀಸೆಲ್ ಒಟ್ಟು 2,500 ಲೀಟರ್ ಒಳಗೆ, ಒಂದೊಂದು ಪಾತ್ರೆ 1,000 ಲೀಟರ್ ಮೀರದಂತೆ ಇಟ್ಟರೆ ಮಾತ್ರ ಲೈಸೆನ್ಸ್ ಬೇಡ. ಅದಕ್ಕಿಂತ ಜಾಸ್ತಿ ಇಟ್ಟವರು ಯಾರೇ ಆಗಲಿ, ಬೇಕು.

ಏನೂ ಆಗದಿದ್ದರೆ ಹಸಿರು ನ್ಯಾಯಮಂಡಳಿ, ನಮಗೆ ಚೆನ್ನೈ ಪೀಠ. ಪರಿಹಾರ ಕೇಳಲು ಐದು ವರ್ಷದ ಅವಧಿ ಇದೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ನೆಲದೊಳಗಿನ ತೈಲ ಪೈಪ್ ಸೋರಿ ಮನೆಗಳ ಬೋರ್‌ನಲ್ಲಿ ಎಣ್ಣೆ ಬಂದಾಗ ಆ ಪೀಠವೇ ಅದನ್ನು ಕೈಗೆತ್ತಿಕೊಂಡಿತ್ತು.

ಕಲ್ಲುಮಣ್ಣು

ಮಂಡಳಿಯವರು ಬರುವವರೆಗೆ ನೀವೇ ಮಾಡಬಹುದಾದ ಒಂದು ಕೆಲಸ ಇದೆ. ಹತ್ತಿರದ ಮೂರು ಬೋರ್ ಅಥವಾ ಬಾವಿ ಆರಿಸಿ, ಒಂದೇ ಗೆರೆಯಲ್ಲಿ ಬೇಡ, ತ್ರಿಕೋನದಂತೆ ಇರಲಿ. ಎಲ್ಲ ಮೋಟರ್ ರಾತ್ರಿಯಿಂದ ಬಂದ್ ಮಾಡಿಸಿ ಬೆಳಗ್ಗೆ ನೀರಿನ ಆಳ ಅಳೆಯಿರಿ. ಬರೀ ಆಳ ಸಾಕಾಗದು, ನೆಲ ಏರುತಗ್ಗು ಇರುತ್ತದೆ. ಮೇಸ್ತ್ರಿಯ ಲೆವೆಲ್ ಪೈಪ್ ತಂದು ಮೂರೂ ಬಾಯಿಯ ಎತ್ತರ ಒಂದೇ ಮಟ್ಟಕ್ಕೆ ಲೆಕ್ಕ ಹಾಕಿ. ನೀರು ಯಾವ ಕಡೆ ಎತ್ತರ ಇದೆಯೋ ಆ ಕಡೆಯಿಂದ ಹರಿಯುತ್ತಿರಬೇಕು. ಆಳದ ಬೋರ್‌ನಲ್ಲಿ ಹಲವು ಸೆಲೆ ಕೂಡಿರುವುದರಿಂದ ಇದು ಅಂದಾಜು ಮಾತ್ರ. ಆದರೂ ಯಾವ ದಿಕ್ಕಿನಲ್ಲಿ ನೆಲ ತೋಡಬೇಕು ಅಂತ ಹೇಳುತ್ತದೆ.

ಜೋಳದರೊಟ್ಟಿ

ಕೆಲವು ವಾರ ಆಯಿತು, ನಡೆದದ್ದು ಹೇಳುತ್ತೇನೆ.

ಲ್ಯಾಬ್ ವರದಿ ಬಂತು. ಬೇಲರ್‌ನಲ್ಲಿ ತೆಗೆದ ನೀರಿನಲ್ಲಿ ಡೀಸೆಲ್ ಭಾಗ ಬಹಳ ಜಾಸ್ತಿ, ಕುಡಿಯುವ ನೀರಿನಲ್ಲಿ ಖನಿಜ ಎಣ್ಣೆಗೆ ಇರುವ ಲೀಟರಿಗೆ 0.5 ಮಿಲಿಗ್ರಾಂ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ. ಬೆಂಜೀನ್ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಪೆಟ್ರೋಲ್ ಅಲ್ಲ. ಲೆವೆಲ್ ಪೈಪ್ ಹಿಡಿದು ಅಳೆದೆವು, ಹುಡುಗರಿಗೆ ಅದೇ ಒಂದು ಮಜಾ ಆಯಿತು. ನೀರು ಎತ್ತರ ಇರುವುದು ಪಂಪ್ ಕಡೆ ಅಲ್ಲ, ಅದರ ಎದುರು ದಿಕ್ಕಿಗೆ. ಆ ಕಡೆ ಒಂದು ಲಾರಿ ಯಾರ್ಡ್ ಇದೆ. ಗೋಡೆಯೊಳಗೆ ಸ್ವಂತ ಡೀಸೆಲ್ ಟ್ಯಾಂಕ್ ಹೂತಿದ್ದಾರೆ ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಮಂಡಳಿಯವರು ಬಂದು ಎರಡೂ ಕಡೆ ಸಣ್ಣ ರಂಧ್ರ ತೋಡಿಸಿದರು. ಮಣ್ಣನ್ನು ಚೀಲಕ್ಕೆ ಹಾಕಿ ಬಿಸಿಲಲ್ಲಿಟ್ಟು, ಒಳಗಿನ ಗಾಳಿಗೆ ಮೀಟರ್ ಹಿಡಿದು ನೋಡಿದರು. ಪಂಪ್ ಕಡೆ ಮೀಟರ್ ಅಲ್ಲಾಡಲಿಲ್ಲ. ಯಾರ್ಡ್‌ನಲ್ಲಿ ಟ್ಯಾಂಕ್‌ನಿಂದ ತುಂಬಿಸುವ ಮಷೀನ್‌ವರೆಗಿನ ಪೈಪ್ ಗುಂಡಿ ಉದ್ದಕ್ಕೂ ಮೊರಂ ಕಪ್ಪಾಗಿತ್ತು, ಮೀಟರ್ ಬೇಕಾಗಲೇ ಇಲ್ಲ, ಮೂಗಿಗೇ ಗೊತ್ತಾಗುತ್ತಿತ್ತು. ಲೈನ್‌ಗೆ ಒತ್ತಡ ಕೊಟ್ಟರೆ ನಿಲ್ಲಲಿಲ್ಲ. ಸದ್ಯ ಟ್ಯಾಂಕ್ ಖಾಲಿ ಮಾಡಿಸಿದ್ದಾರೆ. ಮಾಲೀಕರು ಮೊದಲು ಕೂಗಾಡಿದರು, ಈಗ ಬಡಾವಣೆಗೆ ಟ್ಯಾಂಕರ್ ನೀರು ಕಳಿಸುತ್ತಿದ್ದಾರೆ.

ಹಳೇ ಡೀಲರ್

ನಾನು ಏನೂ ಹೇಳುವುದಿಲ್ಲ. ಪಂಪ್‌ನವರಿಗೆ ಒಂದು ಚಹಾ ಕುಡಿಸಿ ಬನ್ನಿ ಅಷ್ಟೇ.

ಜೋಳದರೊಟ್ಟಿ

ಕುಡಿಸಿದ್ದಾಯಿತು ಸರ್. ಈಗ ಪ್ರಶ್ನೆ: ನಮ್ಮ ಬೋರ್ ಮುಚ್ಚಿಬಿಡಬೇಕಾ? ಕೆಲವರು ಮಣ್ಣು ತುಂಬಿಬಿಡಿ ಎನ್ನುತ್ತಾರೆ.

ಕಲ್ಲುಮಣ್ಣು

ಬೇಡ. ಬಾಯಿಗೆ ಬೀಗ ಹಾಕಿ, ಮೋಟರ್ ತೆಗೆದಿಡಿ, ಬೋರ್ ಇರಲಿ. ಒಳಗೆ ಏನಾಗುತ್ತಿದೆ ಅಂತ ನೋಡಲು ನಿಮಗಿರುವ ಕಣ್ಣು ಅದೊಂದೇ. ತೇಲುವ ಎಣ್ಣೆಯನ್ನು ಅದರ ಮೂಲಕವೇ ಸ್ಕಿಮ್ಮರ್ ಹಾಕಿ ತೆಗೆಯಬಹುದು. ಯಾರ್ಡ್‌ನ ಕೆಟ್ಟ ಮೊರಂ ಅಗೆದು ತೆಗೆಸಿ, ಅದನ್ನು ಹೊಲಕ್ಕೋ ರಸ್ತೆ ಗುಂಡಿಗೋ ಸುರಿಯಲು ಬಿಡಬೇಡಿ, ಅಪಾಯಕಾರಿ ತ್ಯಾಜ್ಯದ ಲೆಕ್ಕದಲ್ಲೇ ಸಾಗಬೇಕು. ಉಳಿದದ್ದಕ್ಕೆ ನೆಲದೊಳಗೆ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೆಲಸ ಹಚ್ಚುವ ವಿಧಾನ ಇದೆ, ಡೀಸೆಲ್‌ಗೆ ಅದು ಒಗ್ಗುತ್ತದೆ, ಆದರೆ ವರ್ಷಗಳ ಕೆಲಸ. ಯಾರ್ಡ್‌ಗೂ ನಿಮ್ಮ ಬೋರ್‌ಗೂ ನಡುವೆ ಒಂದೆರಡು ನಿಗಾ ಬೋರ್ ಹಾಕಿಸಲು ಮಂಡಳಿಯನ್ನು ಕೇಳಿ. ಅವು ಆಳ ಬೇಡ. ನೀರಿನ ಮಟ್ಟ ಬೇಸಿಗೆಗೂ ಮಳೆಗಾಲಕ್ಕೂ ಜಾಲರಿ ಪೈಪ್‌ನೊಳಗೇ ಇರುವಂತೆ, ಮೇಲ್ಭಾಗ ಬೆಂಟೊನೈಟ್ ಜೇಡಿಯಿಂದ ಮುಚ್ಚಿರುವಂತೆ ಇರಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳತೆ.

ರಿಗ್ ಕಾಕಾ

ಅಡ್ವಾನ್ಸ್ ವಾಪಸ್ ಕೊಟ್ಟರಾ ತಂಗೀ?

ಜೋಳದರೊಟ್ಟಿ

ಅರ್ಧ ಕೊಟ್ಟರು ಕಾಕಾ. ಇನ್ನರ್ಧಕ್ಕೆ ಅಧ್ಯಕ್ಷರು ದಿನಾ ಫೋನ್ ಮಾಡುತ್ತಿದ್ದಾರೆ.

ನಿಂಬೆತೋಟ, ಇಂಡಿ

ಇದೇ ಚರ್ಚೆಯಲ್ಲಿ ಕೇಳಿಬಿಡುತ್ತೇನೆ. ನಮ್ಮಲ್ಲಿ ಹಿಂದೆ ಪೆಟ್ರೋಲ್ ಪಂಪ್ ಇದ್ದ ಜಾಗ ಪ್ಲಾಟ್ ಆಗಿ ಮಾರಾಟಕ್ಕಿದೆ. ರೇಟ್ ಕಡಿಮೆ. ತಗೋಬಹುದಾ?

ಡಿಪ್‌ರಾಡ್

ರೇಟ್ ಯಾಕೆ ಕಡಿಮೆ ಅಂತ ಮೊದಲು ಕೇಳಿ. ಆಮೇಲೆ ಪೆಸೊ ಲೈಸೆನ್ಸ್ ರದ್ದಾದ ಕಾಗದ ಕೇಳಿ, ಟ್ಯಾಂಕ್ ಎತ್ತಿದ್ದಾರಾ ಇಲ್ಲಾ ಮರಳು ತುಂಬಿ ಅಲ್ಲೇ ಬಿಟ್ಟಿದ್ದಾರಾ ಕೇಳಿ. ಎತ್ತಿದ್ದರೆ ಆ ಗುಂಡಿಯ ತಳದ ಮಣ್ಣು ಪರೀಕ್ಷೆ ಮಾಡಿಸಿದ ವರದಿ. ಯಾವುದೂ ಇಲ್ಲ ಎಂದರೆ, ಬಯಾನಾ ಕೊಡುವ ಮುಂಚೆ ನಿಮ್ಮ ಖರ್ಚಿನಲ್ಲೇ ಟ್ಯಾಂಕ್ ಇದ್ದ ಕಡೆ ಎರಡು ರಂಧ್ರ ತೋಡಿಸಿ ಮಣ್ಣು ಲ್ಯಾಬ್‌ಗೆ ಕಳಿಸಿ. ತೋಡಲು ಬಿಡುವುದಿಲ್ಲ ಅಂತ ಮಾಲೀಕ ಹೇಳಿದರೆ ಬೇರೆ ಪ್ಲಾಟ್ ನೋಡಿ.